ಹತ್ತು ದಿನದ ಮಿಷನ್ ಟ್ರಿಪ್: ಬೆಳೆಯುವುದು ಯಾರ ನಂಬಿಕೆ, ಖರ್ಚು ಯಾರ ಹೆಸರಲ್ಲಿ?

ಜೂನ್, ಜುಲೈನಲ್ಲಿ ಅಟ್ಲಾಂಟಾ ಅಥವಾ ಮಯಾಮಿ ವಿಮಾನ ನಿಲ್ದಾಣದಲ್ಲಿ ಕಾದು ಕೂತವರಿಗೆ ಈ ಗುಂಪುಗಳು ಕಣ್ಣಿಗೆ ಬಿದ್ದೇ ಬೀಳುತ್ತವೆ. ಇಪ್ಪತ್ತು ಇಪ್ಪತ್ತೈದು ಹುಡುಗ ಹುಡುಗಿಯರು, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಬೆನ್ನ ಮೇಲೆ ಒಂದು ಬೈಬಲ್ ವಚನ. ಜೊತೆಗೆ ತಲೆ ಎಣಿಸುತ್ತಾ ಓಡಾಡುವ ಒಬ್ಬ ಯೂತ್ ಪಾಸ್ಟರ್. ಹೊರಟಿರುವುದು ಹೊಂಡುರಾಸ್‌ಗೋ ಗ್ವಾಟೆಮಾಲಾಕ್ಕೋ ಡೊಮಿನಿಕನ್ ರಿಪಬ್ಲಿಕ್‌ಗೋ. ಅಲ್ಲಿ ಗೋಡೆಗೆ ಬಣ್ಣ ಬಳಿಯುತ್ತಾರೆ, ಮಕ್ಕಳಿಗೆ ಹಾಡು ಕಲಿಸುತ್ತಾರೆ, ಕಿರುನಾಟಕ ಆಡುತ್ತಾರೆ, ದುಭಾಷಿಯ ಮೂಲಕ ತಮ್ಮ ಸಾಕ್ಷಿ, ಅಂದರೆ ತಮ್ಮ ನಂಬಿಕೆಯ ಅನುಭವ, ಹೇಳುತ್ತಾರೆ. ಒಂದು ವಾರ, ಹತ್ತು ದಿನ, ಹೆಚ್ಚೆಂದರೆ ಎರಡು ವಾರ. ಇದಕ್ಕೆ ಮಿಷನ್ ಟ್ರಿಪ್ ಅಂತ ಹೆಸರು. ಅಮೆರಿಕಕ್ಕೆ ಹೋಗಿ ನೆಲೆಸಿದ ನಮ್ಮ ಮಂಗಳೂರು, ಬೆಂಗಳೂರು ಮೂಲದ ಕ್ರೈಸ್ತ ಮನೆಗಳ ಮಕ್ಕಳಿಗೂ ಇದು ಹೊಸದಲ್ಲ. ಹೈಸ್ಕೂಲು ಮುಗಿಯುವುದರೊಳಗೆ ಒಂದು ಸಲವಾದರೂ ಹೋಗಿ ಬರಬೇಕು ಎನ್ನುವುದು ಅಲ್ಲಿನ ಎಷ್ಟೋ ಸಭೆಗಳಲ್ಲಿ, ಅಂದರೆ ಚರ್ಚ್ ಸಮುದಾಯಗಳಲ್ಲಿ, ವಾಡಿಕೆಯೇ ಆಗಿಬಿಟ್ಟಿದೆ.

ಇದೇನು ಸಣ್ಣ ಸಂಗತಿಯಲ್ಲ. ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೊ ಅವರ ಅಂದಾಜಿನಂತೆ ಅಮೆರಿಕದ ಚರ್ಚ್ ಸದಸ್ಯರಲ್ಲಿ ವಯಸ್ಕರೇ ವರ್ಷಕ್ಕೆ ಸುಮಾರು 16 ಲಕ್ಷ ಮಂದಿ ಹೀಗೆ ಹೊರದೇಶಕ್ಕೆ ಹೋಗಿ ಬರುತ್ತಿದ್ದರು. ಹದಿಹರೆಯದವರ ಲೆಕ್ಕ ಬೇರೆ. ಹೊರಡುವವರಿಗೆ ಹೇಳುವ ಮಾತು ಸಾಮಾನ್ಯವಾಗಿ ಎರಡು. ಒಂದು, ಅಲ್ಲಿನ ಬಡವರಿಗೆ ಸೇವೆ. ಇನ್ನೊಂದು, ನಿನ್ನ ನಂಬಿಕೆ ಬೆಳೆಯುತ್ತದೆ. ಈ ಎರಡೂ ಒಟ್ಟಿಗೇ ಆಗುತ್ತವೆ ಎಂದು ಎಲ್ಲರೂ ನಂಬಿಕೊಂಡು ಬಂದಿದ್ದಾರೆ. ತನಿಖೆ ಮಾಡಿದವರಿಗೆ ಸಿಕ್ಕ ಚಿತ್ರ ಮಾತ್ರ ಬೇರೆ.

ಮೊದಲು ಸೇವೆಯ ಲೆಕ್ಕ ನೋಡೋಣ. 1998ರ ಕೊನೆಯಲ್ಲಿ ಮಿಚ್ ಚಂಡಮಾರುತ ಹೊಂಡುರಾಸನ್ನು ನೆಲಕಚ್ಚಿಸಿತು. ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಕೊಡಲು ಉತ್ತರ ಅಮೆರಿಕದ ಚರ್ಚುಗಳಿಂದ ತಂಡದ ಮೇಲೆ ತಂಡ ಬಂತು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ ಹೊಂಡುರಾಸ್‌ನಲ್ಲೇ ಬಹಳ ಕಾಲದಿಂದ ಇದ್ದವರು, ಸ್ವತಃ ಕ್ರೈಸ್ತ, ಕ್ರೈಸ್ತ ಕಾಲೇಜಿನ ಅಧ್ಯಾಪಕ. ಈ ಮನೆಗಳ ಕಥೆ ಕೆಲವು ವರ್ಷಗಳ ನಂತರ ಏನಾಗಿದೆ ಎಂದು ಅವರು ಹುಡುಕಿಕೊಂಡು ಹೋದರು. ಹೊರಗಿನ ತಂಡಗಳು ಕಟ್ಟಿದ ಮನೆಯಲ್ಲಿ ಇದ್ದವರನ್ನೂ ಸ್ಥಳೀಯರು ಕಟ್ಟಿದ ಮನೆಯಲ್ಲಿ ಇದ್ದವರನ್ನೂ ಮಾತಾಡಿಸಿದರು. ಬದುಕಿನಲ್ಲಾಗಲಿ ನಂಬಿಕೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮನೆ ಮನೆಯೇ, ಯಾರು ಕಟ್ಟಿದರೇನು! ವ್ಯತ್ಯಾಸ ಇದ್ದದ್ದು ಖರ್ಚಿನಲ್ಲಿ. ಸ್ಥಳೀಯವಾಗಿ ಸುಮಾರು 2,000 ಡಾಲರ್‌ಗೆ ಏಳುವ ಒಂದು ಮನೆಗೆ ತಂಡವೊಂದು ಬಂದು ಹೋಗುವ ಖರ್ಚೂ ಸೇರಿದರೆ ಸುಮಾರು 30,000 ಡಾಲರ್ ಆಗುತ್ತಿತ್ತು. ಆ ಹಣದಲ್ಲಿ ಹದಿನೈದು ಕುಟುಂಬಕ್ಕೆ ಸೂರು ಆಗುತ್ತಿತ್ತು. ಅಲ್ಲಿನ ಗಾರೆಯವರಿಗೆ ಕೂಲಿಯೂ ಸಿಗುತ್ತಿತ್ತು.

ವೆರ್ ಬೀಕ್ ಅಷ್ಟಕ್ಕೇ ಬಿಡಲಿಲ್ಲ. ಹೋಗಿ ಬಂದವರನ್ನೂ ಕೇಳಿದರು. ಹೆಚ್ಚಿನವರು ನಮ್ಮ ಬದುಕೇ ಬದಲಾಯಿತು, ಪ್ರಾರ್ಥನೆ ಜಾಸ್ತಿಯಾಯಿತು, ಕೊಡುವ ಕೈ ದೊಡ್ಡದಾಯಿತು ಎಂದರು. ಆಮೇಲೆ ಅವರು ಕಾಣಿಕೆಯ ದಾಖಲೆ ತೆಗೆದು ನೋಡಿದರು. ಬಾಯಿ ಹೇಳಿದ್ದನ್ನು ಲೆಕ್ಕದ ಪುಸ್ತಕ ಒಪ್ಪಲಿಲ್ಲ. ಸುಳ್ಳು ಹೇಳಿದರು ಅಂತಲ್ಲ. ತಾವು ಬದಲಾಗಿದ್ದೇವೆ ಎಂದು ಅವರಿಗೆ ನಿಜವಾಗಿಯೂ ಅನ್ನಿಸಿತ್ತು. ಅನ್ನಿಸುವುದು ಒಂದು, ಆಗುವುದು ಇನ್ನೊಂದು, ಅಲ್ವಾ?

ಹಾಗಾದರೆ ನಂಬಿಕೆ ಬೆಳೆಯುತ್ತದೆ ಎನ್ನುವುದೂ ಬರೀ ಭ್ರಮೆಯೇ? ಅಲ್ಲ. ಇಲ್ಲಿಯೇ ವಿಷಯ ಸ್ವಾರಸ್ಯವಾಗುವುದು. ಜೆನ್ನಿ ಟ್ರಿನಿಟಪೋಲಿ ಮತ್ತು ಸ್ಟೀಫನ್ ವೈಸಿ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 2009ರಲ್ಲಿ ಇನ್ನೊಂದು ದಾರಿ ಹಿಡಿದರು. ಅಮೆರಿಕದ ಹದಿಹರೆಯದವರನ್ನು ಕೆಲವು ವರ್ಷಗಳ ಅಂತರದಲ್ಲಿ ಎರಡು ಸಲ ಪ್ರಶ್ನಿಸಿದ ದೊಡ್ಡ ರಾಷ್ಟ್ರೀಯ ಸಮೀಕ್ಷೆಯೊಂದಿತ್ತು. ಅದರಲ್ಲಿ ಆ ನಡುವೆ ಮಿಷನ್ ಟ್ರಿಪ್‌ಗೆ ಹೋದವರನ್ನೂ ಹೋಗದವರನ್ನೂ ಹೋಲಿಸಿದರು. ಮೊದಲಿನಿಂದಲೇ ಭಕ್ತಿ ಇದ್ದವರು ತಾನೇ ಹೋಗುವುದು ಎಂಬ ಅನುಮಾನವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಆದರೂ ಹೋಗಿ ಬಂದವರಲ್ಲಿ ಚರ್ಚಿನ ಒಡನಾಟ ಹೆಚ್ಚಿತ್ತು, ಕೆಲವು ನಂಬಿಕೆಗಳು ಗಟ್ಟಿಯಾಗಿದ್ದವು. ಅಂದರೆ ಹದಿಹರೆಯದವರ ಮಟ್ಟಿಗೆ ಟ್ರಿಪ್ ಕೆಲಸ ಮಾಡುತ್ತದೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬಡವರ ಹೆಸರಲ್ಲಿ ಹಣ ಎತ್ತಿದ್ದು. ಲಾಭ ಹೆಚ್ಚಾಗಿ ಆದದ್ದು ಹೋದ ಮಕ್ಕಳಿಗೆ. ನನ್ನ ತಕರಾರು ಮಕ್ಕಳು ಹೋಗುವುದರ ಬಗ್ಗೆ ಅಲ್ಲ, ಈ ಮಾತನ್ನು ಬಾಯಿಬಿಟ್ಟು ಹೇಳದೆ ಇರುವುದರ ಬಗ್ಗೆ.

ಮನೆಯಲ್ಲಿ ಬೆಳೆಯದ ನಂಬಿಕೆ ಅಲ್ಲಿ ಯಾಕೆ ಬೆಳೆಯುತ್ತದೆ? ಇದರಲ್ಲಿ ಪವಾಡ ಹುಡುಕಬೇಕಿಲ್ಲ. ಹದಿನಾರರ ಹುಡುಗನ ಕೈಯಿಂದ ಫೋನ್ ತೆಗೆದಿಡುತ್ತಾರೆ. ಬೆಳಿಗ್ಗೆ ಎದ್ದು ಬೈಬಲ್ ಓದು, ರಾತ್ರಿ ಗುಂಪಾಗಿ ಕೂತು ಆ ದಿನದ ಮಾತು. ಸುತ್ತ ಇರುವವರೆಲ್ಲ ಅದನ್ನೇ ಮಾಡುತ್ತಿರುತ್ತಾರೆ, ಹಾಗಾಗಿ ನಾಚಿಕೆ ಇಲ್ಲ. ಭಾಷೆ ಬರದ ಊರು, ಹೊಟ್ಟೆ ಕೆಡುವ ಭಯ, ಬಿಸಿಲು. ಪ್ರಾರ್ಥನೆಗೆ ಕಾರಣ ತಾನಾಗಿಯೇ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ, ನಾಳೆ ಸಂಜೆ ನೀನು ಸಾಕ್ಷಿ ಹೇಳಬೇಕು ಅಂತ ಪಾಸ್ಟರ್ ಹೇಳಿರುತ್ತಾರೆ. ಅಪ್ಪ ಅಮ್ಮ ಕರೆದುಕೊಂಡು ಹೋದರು ಅಂತ ಇಷ್ಟು ದಿನ ಚರ್ಚಿಗೆ ಹೋಗಿದ್ದ ಹುಡುಗ, ನಾನು ಯಾಕೆ ನಂಬುತ್ತೇನೆ ಎಂದು ಮೊದಲ ಸಲ ತನ್ನದೇ ಮಾತಿನಲ್ಲಿ ಹೊಂದಿಸಿಕೊಳ್ಳಬೇಕು. ಅದೂ ದುಭಾಷಿ ಒಂದೊಂದೇ ವಾಕ್ಯಕ್ಕೆ ನಿಲ್ಲಿಸುವಾಗ. ಅಲಂಕಾರದ ಮಾತು ಅಲ್ಲಿ ನಡೆಯುವುದಿಲ್ಲ. ಉದ್ದ ವಾಕ್ಯ ದಾಟುವುದಿಲ್ಲ. ಏನು ಉಳಿಯುತ್ತದೋ ಅದೇ ಅವನ ನಂಬಿಕೆ. ಹತ್ತು ದಿನದಲ್ಲಿ ಇಷ್ಟು ನಡೆದರೆ ಬದಲಾವಣೆ ಆಗದಿದ್ದರೇ ಆಶ್ಚರ್ಯ.

ಇದರಲ್ಲಿ ಒಂದೂ ಹೊಂಡುರಾಸ್‌ನ ಗೋಡೆಗೆ ಬಣ್ಣ ಬಳಿದದ್ದರಿಂದ ಆದದ್ದಲ್ಲ ಎನ್ನುವುದನ್ನು ಗಮನಿಸಿ.

ಊರಿಗೆ ಬಂದ ಮೇಲೆ ಮದುವೆ ಮನೆಯಿಂದ ಮರಳಿದ ಹಾಗೆ ಆಗುತ್ತದೆ. ಗದ್ದಲ ಮುಗಿದಿದೆ, ಜೊತೆಗಿದ್ದವರೆಲ್ಲ ಚದುರಿದ್ದಾರೆ, ಸೋಮವಾರ ಶಾಲೆ. ಅಲ್ಲಿ ಸಿಕ್ಕಿದ ಬಿಸಿ ಇಲ್ಲಿ ಉಳಿಯಬೇಕಾದರೆ ಇಲ್ಲಿ ಏನೋ ಇರಬೇಕು. ವಾರಕ್ಕೊಮ್ಮೆ ಸೇರುವ ಗೆಳೆಯರು, ಕೇಳಿಸಿಕೊಳ್ಳುವ ಒಬ್ಬ ಹಿರಿಯ, ಊರಿನಲ್ಲೇ ಮಾಡಲು ಒಂದು ಕೆಲಸ. ಅಮೆರಿಕದಲ್ಲಿ 2003ರಲ್ಲಿ ಮಿಷನ್ ಸಂಘಟನೆಗಳೇ ಸೇರಿ ಅಲ್ಪಾವಧಿ ಮಿಷನ್‌ಗೆ ಒಂದು ಗುಣಮಟ್ಟದ ನಿಯಮಾವಳಿ ಮಾಡಿಕೊಂಡವು. ಆತಿಥೇಯರ ಜೊತೆ ಕೂತೇ ಕಾರ್ಯಕ್ರಮ ರೂಪಿಸಬೇಕು, ಬಂದ ಮೇಲೆ ಬೆನ್ನು ಹತ್ತಿ ವಿಚಾರಿಸಬೇಕು ಎನ್ನುವುದೂ ಅದರಲ್ಲಿದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಹೊರಡುವ ಮುಂಚೆ ಹಣ ಎತ್ತುವುದಕ್ಕೆ ಕಳೆಯುವ ತಿಂಗಳುಗಳ ಕಾಲು ಭಾಗವನ್ನಾದರೂ ಬಂದ ಮೇಲಿನ ಕೆಲಸಕ್ಕೆ ಎಷ್ಟು ಸಭೆಗಳು ಕೊಡುತ್ತವೆ?

ಮರಳಿ ಬಂದ ಭಾನುವಾರ ಸಭೆಯ ಮುಂದೆ ನಿಂತು ಹೇಳುವ ಸಾಕ್ಷಿಗಳಲ್ಲಿ ಒಂದು ವಾಕ್ಯ ಪದೇ ಪದೇ ಬರುತ್ತದೆ. ‘ಅವರ ಹತ್ತಿರ ಏನೂ ಇಲ್ಲ, ಆದರೂ ಎಷ್ಟು ಖುಷಿಯಾಗಿದ್ದಾರೆ!’ ಕೇಳಲು ಮುದ್ದಾಗಿದೆ. ಸ್ವಲ್ಪ ಹತ್ತಿರ ಹೋಗಿ ನೋಡಿ. ಖುಷಿಯಾಗಿದ್ದರು ಅಂತ ಗೊತ್ತಾದದ್ದು ಹೇಗೆ? ಅತಿಥಿ ಬಂದಾಗ ಯಾರಾದರೂ ನಗುತ್ತಾರೆ. ನಮ್ಮ ಮನೆಗೆ ನೆಂಟರು ಬಂದಾಗ ಸಾಲದ ಕಥೆ ಹೇಳಿಕೊಂಡು ಕೂರುತ್ತೇವಾ? ಆ ಊರಿನ ತಾಯಿ ಔಷಧಿಗೆ ಹಣ ಸಾಲದೆ ರಾತ್ರಿ ಏನು ಮಾಡುತ್ತಾಳೆ ಎನ್ನುವುದು ಹತ್ತು ದಿನದ ಅತಿಥಿಗೆ ತಿಳಿಯುವ ಸಂಗತಿಯಲ್ಲ. ಈ ಒಂದು ವಾಕ್ಯ ಏನು ಮಾಡುತ್ತದೆ ಅಂದರೆ, ಬಡತನವನ್ನು ತೊಲಗಿಸಬೇಕಾದ ಕಷ್ಟದ ಜಾಗದಿಂದ ಎತ್ತಿ ತನಗೆ ಕಲಿಸಿದ ಪಾಠದ ಜಾಗದಲ್ಲಿ ಇಡುತ್ತದೆ. ಹೇಳುವ ಹುಡುಗಿಯದು ತಪ್ಪಲ್ಲ, ಅವಳಿಗೆ ಹದಿನೇಳು. ಅದನ್ನು ಕೇಳಿ ಚಪ್ಪಾಳೆ ತಟ್ಟುವ ದೊಡ್ಡವರು ಮಾತ್ರ ಒಂದು ಪ್ರಶ್ನೆ ಕೇಳಬಹುದಿತ್ತು.

ಇವಾನ್ ಇಲಿಚ್ ಎಂಬ ಕ್ಯಾಥೊಲಿಕ್ ಪಾದ್ರಿ ಇದನ್ನು 1968ರಲ್ಲೇ ಇನ್ನೂ ಖಾರವಾಗಿ ಹೇಳಿದ್ದರು. ಬೇಸಿಗೆಯಲ್ಲಿ ಮೆಕ್ಸಿಕೊದ ಹಳ್ಳಿಗಳಿಗೆ ಸೇವೆಗೆ ಹೋಗುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರೇ ನಿಂತು, ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಓದಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂದರು. ಅತಿಯಾಯಿತು ಅನ್ನಿಸಬಹುದು. ಆದರೆ ಕಲಿಯಲು ಬರುವುದನ್ನು ಅವರು ಬೇಡ ಎನ್ನಲಿಲ್ಲ ಎನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ.

ಸಹಾಯ ಎನ್ನುವ ಹೆಸರು ಎಲ್ಲಿ ಕೈಕೊಡುತ್ತದೆ ಎಂದು ನೋಡಲು ಕಾಂಬೋಡಿಯಾದ ಅನಾಥಾಲಯಗಳು ಸಾಕು. ಯುನಿಸೆಫ್ ಹೇಳುವಂತೆ 2005ರಿಂದ 2010ರವರೆಗೆ ಅಲ್ಲಿ ಅನಾಥಾಲಯಗಳು ಶೇ. 75ರಷ್ಟು ಹೆಚ್ಚಿದವು. ಅಷ್ಟು ಮಕ್ಕಳು ಅನಾಥರಾದರೇ? ಇಲ್ಲ. ಅಲ್ಲಿದ್ದ ಬಹುತೇಕ ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದರು. ಹೆಚ್ಚಿದ್ದು ಮಕ್ಕಳ ಜೊತೆ ಒಂದು ವಾರ ಕಳೆಯಲು ಬರುವ ವಿದೇಶಿ ಸ್ವಯಂಸೇವಕರು, ಅವರು ತರುವ ಹಣ. ಬೇಡಿಕೆ ಇದ್ದಲ್ಲಿ ಪೂರೈಕೆ ಹುಟ್ಟಿಕೊಳ್ಳುತ್ತದೆ. ಮಗುವಿನ ಕಡೆಯಿಂದ ಯೋಚಿಸಿ: ಪ್ರತಿ ಹತ್ತು ದಿನಕ್ಕೆ ಹೊಸ ಅಕ್ಕ, ಹೊಸ ಅಣ್ಣ, ಅಪ್ಪುಗೆ, ಫೋಟೊ, ಅಳು, ಟಾಟಾ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ತಂದಾಗ ಅನಾಥಾಲಯಕ್ಕಾಗಿ ಮಕ್ಕಳ ಸಾಗಣೆಯ ವಿಷಯವೂ ಚರ್ಚೆಗೆ ಬಂತು. ಈ ಒಂದು ಬಗೆಯ ಟ್ರಿಪ್ ಬಗ್ಗೆ ನನಗೆ ಎರಡು ಮಾತಿಲ್ಲ. ಅಪರಿಚಿತ ಹದಿಹರೆಯದವರನ್ನು ವಾರಕ್ಕೊಂದು ಗುಂಪಿನಂತೆ ಮಕ್ಕಳ ಮನೆಯೊಳಗೆ ಬಿಡಲೇಬಾರದು. ನಮ್ಮ ಮಕ್ಕಳಿದ್ದ ಜಾಗಕ್ಕೆ ಬಿಡುತ್ತೇವಾ?

ಇನ್ನು ದಕ್ಷಿಣ ಕೊರಿಯಾದ ಮಾತು. ಅಮೆರಿಕ ಬಿಟ್ಟರೆ ಮಿಷನರಿಗಳನ್ನು ಕಳಿಸುವುದರಲ್ಲಿ ದೊಡ್ಡ ಹೆಸರು ಈ ಪುಟ್ಟ ದೇಶದ್ದು. 2007ರ ಜುಲೈ 19ರಂದು ಸೋಲ್ ಪಕ್ಕದ ಬುಂದಾಂಗ್‌ನ ಒಂದು ಚರ್ಚಿನ 23 ಮಂದಿಯ ತಂಡ ಅಫ್ಗಾನಿಸ್ತಾನದಲ್ಲಿ ಕಾಬೂಲಿನಿಂದ ಕಂದಹಾರ್‌ಗೆ ಬಸ್ಸಿನಲ್ಲಿ ಹೊರಟಿತ್ತು. ಅವರಲ್ಲಿ 16 ಮಂದಿ ಹೆಂಗಸರು, ಬಹುತೇಕ ಎಲ್ಲರೂ ಇಪ್ಪತ್ತು ಮೂವತ್ತರ ವಯಸ್ಸಿನವರು. ಘಜ್ನಿ ಪ್ರಾಂತ್ಯದಲ್ಲಿ ತಾಲಿಬಾನ್ ಬಸ್ಸನ್ನು ತಡೆದು ಎಲ್ಲರನ್ನೂ ಒತ್ತೆ ಇಟ್ಟುಕೊಂಡಿತು. ಇಬ್ಬರು ಗಂಡಸರನ್ನು ಕೊಂದರು. ಆಗಸ್ಟ್ ಮಧ್ಯದಲ್ಲಿ ಇಬ್ಬರು ಹೆಂಗಸರನ್ನು, ತಿಂಗಳ ಕೊನೆಗೆ ಉಳಿದ 19 ಮಂದಿಯನ್ನು ಬಿಟ್ಟರು. ವರ್ಷಾಂತ್ಯದೊಳಗೆ ಸೈನ್ಯ ವಾಪಸ್ ಕರೆಸಿಕೊಳ್ಳುವುದು, ಕೊರಿಯನ್ ಮಿಷನರಿಗಳು ಅಲ್ಲಿಗೆ ಹೋಗದಂತೆ ನೋಡಿಕೊಳ್ಳುವುದು ಎಂದು ಕೊರಿಯಾ ಸರ್ಕಾರ ಒಪ್ಪಿಕೊಳ್ಳಬೇಕಾಯಿತು.

ಆ ನಲವತ್ತು ದಿನಗಳಲ್ಲಿ ಕೊರಿಯಾದ ಅಂತರ್ಜಾಲದಲ್ಲಿ ಕನಿಕರಕ್ಕಿಂತ ಸಿಟ್ಟೇ ಹೆಚ್ಚಿತ್ತು. ಹೊರಡುವ ಮುಂಚೆ ಇಂಚಿಯಾನ್ ವಿಮಾನ ನಿಲ್ದಾಣದಲ್ಲಿ, ಅಫ್ಗಾನಿಸ್ತಾನಕ್ಕೆ ಹೋಗಬೇಡಿ ಎಂಬ ಸರ್ಕಾರಿ ಎಚ್ಚರಿಕೆಯ ಫಲಕದ ಪಕ್ಕದಲ್ಲೇ ತಂಡದವರು ನಿಂತು ತೆಗೆಸಿಕೊಂಡಿದ್ದ ಫೋಟೊ ಎಲ್ಲ ಕಡೆ ಹರಿದಾಡಿತು. ಚರ್ಚು ಕ್ಷಮೆ ಕೇಳಿತು. ಹೋದವರು ಕೆಟ್ಟವರಾಗಿದ್ದರೇ? ಖಂಡಿತ ಅಲ್ಲ. ಆಸ್ಪತ್ರೆ, ಮಕ್ಕಳ ಕೆಲಸ ಅಂತಲೇ ಹೊರಟಿದ್ದರು. ಆದರೆ ಅಪಾಯವನ್ನೇ ನಂಬಿಕೆಯ ಅಳತೆಗೋಲು ಮಾಡಿಕೊಂಡರೆ ಫಲಕ ಕಣ್ಣೆದುರು ಇದ್ದರೂ ಕಾಣುವುದಿಲ್ಲ. ಎಷ್ಟು ಕಷ್ಟದ ದೇಶವೋ ಅಷ್ಟು ದೊಡ್ಡ ಸಾಕ್ಷಿ ಎನ್ನುವ ಲೆಕ್ಕ ಯುವಜನರಿಗೆ ಬಹಳ ಬೇಗ ಹಿಡಿಸುತ್ತದೆ. ಅದನ್ನು ತಡೆಯಬೇಕಾದವರು ಹಿರಿಯರು.

ಇಲ್ಲಿಗೆ ಬಂದಾಗ ಕನ್ನಡದವರಿಗೆ ಕಿಟೆಲ್ ನೆನಪಾಗದೆ ಇರುವುದಿಲ್ಲ. ಅವರೂ ಯುವಕನಾಗಿಯೇ ಬಂದವರು. 1853ರಲ್ಲಿ ಬಾಸೆಲ್ ಮಿಷನ್ ಕಳಿಸಿದಾಗ ಅವರ ವಯಸ್ಸು 21. ಬರುವ ಮುಂಚೆ ಬಾಸೆಲ್‌ನಲ್ಲಿ ವರ್ಷಗಟ್ಟಲೆ ಓದು. ಬಂದ ಮೇಲೆ ಕನ್ನಡ ಕಲಿಯುವುದೇ ಕೆಲಸ. ನಿಘಂಟು ಅಚ್ಚಾದದ್ದು 1894ರಲ್ಲಿ. ಆ ಕಾಲದ ಮಿಷನರಿಗಳನ್ನು ದೇವರ ಮಟ್ಟಕ್ಕೆ ಏರಿಸಬೇಕಿಲ್ಲ. ಅವರು ಮತಾಂತರಕ್ಕೆಂದೇ ಬಂದವರು, ಬೆನ್ನಿಗೆ ಬ್ರಿಟಿಷ್ ಆಳ್ವಿಕೆಯ ನೆರಳೂ ಇತ್ತು. ಆದರೆ ಒಂದು ಮಾತು ನಿಜ. ಬಂದ ಊರಿನ ಮಾತು ಕಲಿಯದೆ ಆ ಊರಿನವರಿಗೆ ಏನೂ ಹೇಳಲಾಗದು ಎನ್ನುವುದು ಅವರಿಗೆ ಗೊತ್ತಿತ್ತು. ಹತ್ತು ದಿನದ ತಂಡಕ್ಕೆ ಆ ತಾಳ್ಮೆ ಕೇಳುವುದು ಅನ್ಯಾಯ. ಹಾಗಂತ ಆ ತಂಡ ಅದೇ ಮಿಷನರಿ ಎನ್ನುವ ಗೌರವವನ್ನು ತೊಟ್ಟುಕೊಳ್ಳುವುದೂ ಸರಿಯಲ್ಲ.

ಮಿಷನ್ ಎಂಬುದು ಜೀವಮಾನದ ಕೆಲಸದಿಂದ ರಜೆಯ ಕೆಲಸವಾದದ್ದು ಎರಡನೇ ಮಹಾಯುದ್ಧದ ನಂತರ, ವಿಮಾನ ಪ್ರಯಾಣ ಅಗ್ಗವಾದ ಕಾಲದಲ್ಲಿ. ಜಾರ್ಜ್ ವರ್ವರ್ ಎಂಬ ಕಾಲೇಜು ಹುಡುಗ 1957ರಲ್ಲಿ ಇಬ್ಬರು ಗೆಳೆಯರ ಜೊತೆ ಒಂದು ಹಳೇ ಟ್ರಕ್‌ನಲ್ಲಿ ಸ್ಪ್ಯಾನಿಷ್ ಸುವಾರ್ತೆ ಪುಸ್ತಕ ತುಂಬಿಕೊಂಡು ಮೆಕ್ಸಿಕೊಗೆ ಹೋದ. ಅದು ಮುಂದೆ ಆಪರೇಷನ್ ಮೊಬಿಲೈಸೇಷನ್ ಎಂಬ ಮಿಷನ್ ಸಂಘಟನೆ ಆಯಿತು. ಲೋರೆನ್ ಕನ್ನಿಂಗ್‌ಹ್ಯಾಮ್ 1960ರಲ್ಲಿ ಯೂತ್ ವಿತ್ ಎ ಮಿಷನ್ ಎಂಬ ಇನ್ನೊಂದು ಸಂಘಟನೆ ಕಟ್ಟಿದರು. ಈ ಎರಡನೆಯದರ ತರಬೇತಿ ನನಗೆ ಸ್ವಲ್ಪ ಪ್ರಾಮಾಣಿಕ ಅನ್ನಿಸುತ್ತದೆ. ಮೊದಲ ಸುಮಾರು ಮೂರು ತಿಂಗಳು ಒಂದೆಡೆ ಕೂತು ಕಲಿಯುವುದು, ಆಮೇಲೆ ಎರಡು ಮೂರು ತಿಂಗಳ ಔಟ್‌ರೀಚ್, ಅಂದರೆ ಹೊರಗೆ ಹೋಗಿ ಮಾಡುವ ಸೇವೆ. ಹೆಸರಲ್ಲೇ ಶಿಷ್ಯತ್ವದ ಶಾಲೆ ಎಂದಿದೆ. ಅಂದರೆ ಮೊದಲು ತಿದ್ದಿಕೊಳ್ಳಬೇಕಾದವನು ನೀನು ಎಂದು ಬಾಗಿಲಲ್ಲೇ ಹೇಳಿಬಿಡುತ್ತಾರೆ.

ನಮ್ಮ ನೆಲದಲ್ಲೇ ಹುಟ್ಟಿದ ಇನ್ನೊಂದು ಉದಾಹರಣೆ ಇದೆ. 1920ರ ದಶಕದಲ್ಲಿ ದೆಹಲಿ ಬಳಿಯ ಮೇವಾತದಲ್ಲಿ ಶುರುವಾದ ಮುಸ್ಲಿಂ ಧರ್ಮಪ್ರಚಾರ ಸಂಘಟನೆ ತಬ್ಲೀಗಿ ಜಮಾತ್‌ನವರು ಚಿಲ್ಲಾ ಎನ್ನುವ ನಲವತ್ತು ದಿನದ ಧರ್ಮಯಾತ್ರೆಗೆ ಹೊರಡುತ್ತಾರೆ. ಧರ್ಮ ಬೇರೆ, ದಾರಿ ಬೇರೆ. ಆದರೆ ಹೊರಡುವವನಿಗೆ ಅವರು ಹೇಳುವುದು ನಿನ್ನನ್ನು ನೀನು ತಿದ್ದಿಕೊಳ್ಳಲು ಹೋಗು ಅಂತ, ಅದೂ ನಿನ್ನ ಖರ್ಚಲ್ಲಿ. ಯಾರ ಲಾಭಕ್ಕೆ ಯಾರ ಹಣ ಎನ್ನುವ ಗೊಂದಲವೇ ಇಲ್ಲ.

ಬೈಬಲ್ಲೇ ಇದಕ್ಕೆ ಒಳ್ಳೆಯ ಅಳತೆ ಕೊಡುತ್ತದೆ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳಿಸುತ್ತಾನೆ. ಅಲ್ಪಾವಧಿ ಮಿಷನ್ ಅಂದರೆ ಇದೇ. ಅವನು ಹಾಕಿದ ಷರತ್ತು ನೋಡಿ: ಹಣದ ಚೀಲ ಬೇಡ, ಜೋಳಿಗೆ ಬೇಡ, ಒಂದೇ ಮನೆಯಲ್ಲಿ ಉಳಿಯಿರಿ, ಅವರು ಬಡಿಸಿದ್ದನ್ನು ಉಣ್ಣಿರಿ. ಹೋದವನು ಕೊಡುವವನಲ್ಲ, ಮೊದಲು ಬೇಡುವವನು. ಆ ಊರಿನವರ ಅನ್ನದ ಋಣದಲ್ಲಿ ಇರುವವನು. ಇವತ್ತಿನ ತಂಡ ಸೂಟ್‌ಕೇಸ್ ತುಂಬ ಆಟಿಕೆ, ಬಟ್ಟೆ, ತನ್ನದೇ ತಿಂಡಿ ಪೊಟ್ಟಣ ಹೊತ್ತುಕೊಂಡು ಹೋಗುತ್ತದೆ. ಇನ್ನೂ ಒಂದಿದೆ. ಆ ಎಪ್ಪತ್ತು ಮಂದಿ ಮರಳಿ ಬಂದು ನಾವು ಅದು ಮಾಡಿದೆವು, ಇದು ಮಾಡಿದೆವು ಎಂದು ಸಂಭ್ರಮದಿಂದ ವರದಿ ಒಪ್ಪಿಸುತ್ತಾರೆ. ಯೇಸು ಅವರಿಗೆ ಅದಕ್ಕಾಗಿ ಹಿಗ್ಗಬೇಡಿ ಎನ್ನುತ್ತಾನೆ. ಮರಳಿ ಬಂದ ಭಾನುವಾರದ ಸ್ಲೈಡ್ ಶೋ ಮಾಡುವವರು ಈ ವಚನವನ್ನು ಒಮ್ಮೆ ಓದಿಕೊಳ್ಳಬೇಕು.

ಹಾಗಾದರೆ ಮಕ್ಕಳನ್ನು ಕಳಿಸಬೇಕೋ ಬೇಡವೋ? ಕಳಿಸಿ ಎನ್ನುತ್ತೇನೆ. ಆದರೆ ಕಲಿಯಲು ಹೋಗುತ್ತಿದ್ದಾರೆ ಅಂತ ಹೇಳಿಯೇ ಕಳಿಸಿ. ಹಣ ಕೇಳುವ ಪತ್ರದಲ್ಲಿ ಮುಖ ತೊಳೆಯದ ಮಗುವಿನ ಫೋಟೊ ಬದಲು ನಿಜ ಬರೆಯಿರಿ: ನನ್ನ ನಂಬಿಕೆ ಬೆಳೆಯಲಿ ಅಂತ ಹೋಗುತ್ತಿದ್ದೇನೆ, ಸಹಾಯ ಮಾಡಿ. ಕೊಡುವವರು ಕೊಟ್ಟೇ ಕೊಡುತ್ತಾರೆ. ಮನೆ ಕಟ್ಟುವ ಹಣವನ್ನು ಬೇರೆ ಇಟ್ಟು ನೇರವಾಗಿ ಅಲ್ಲಿನವರ ಕೈಗೆ ಸೇರಿಸಿ. ಅಲ್ಲಿ ಏನು ಮಾಡಬೇಕು ಎಂದು ಅಲ್ಲಿನ ಸಭೆ ಹೇಳಲಿ. ಕೆಲವು ಸಲ ಅವರು ಸುಮ್ನೆ ಬಂದು ನಮ್ಮ ಜೊತೆ ಕೂತುಕೊಳ್ಳಿ ಎನ್ನಬಹುದು, ಬರಲೇಬೇಡಿ ಎನ್ನಲೂಬಹುದು. ಬೇಡ ಎನ್ನುವ ಸ್ವಾತಂತ್ರ್ಯ ಅವರಿಗೆ ನಿಜವಾಗಿ ಇದೆಯೇ? ಪಾಲುದಾರಿಕೆ ಎಷ್ಟು ಗಟ್ಟಿ ಎಂದು ಗೊತ್ತಾಗುವುದು ಅಲ್ಲಿ. ಬರುವ ತಂಡದ ಹಿಂದೆಯೇ ಹಣ ಬರುತ್ತದೆ ಎಂದಾದರೆ ಯಾವ ಬಡ ಸಭೆಯ ಪಾಸ್ಟರ್ ಬೇಡ ಎಂದಾನು?

ಇದೇ ಪ್ರಶ್ನೆ ಕರ್ನಾಟಕಕ್ಕೂ ಬರುತ್ತದೆ, ಇಲ್ಲಿ ನಾವು ಆತಿಥೇಯರು. ವಿದೇಶದಲ್ಲಿ ಬೆಳೆದ ನಮ್ಮವರ ಮಕ್ಕಳೇ ಗುಂಪು ಕಟ್ಟಿಕೊಂಡು ಬಂದರೂ ನಿಯಮ ಒಂದೇ. ಭಾರತದಲ್ಲಿ ಮಿಷನರಿ ಕೆಲಸಕ್ಕೆ ಬೇರೆಯೇ ವೀಸಾ ಇದೆ. ಪ್ರವಾಸಿ ವೀಸಾದಲ್ಲಿ ಬಂದವರು ಚರ್ಚಿಗೆ ಹೋಗಿ ಆರಾಧನೆಯಲ್ಲಿ ಕೂರಬಹುದು. ವೇದಿಕೆ ಹತ್ತಿ ಬೋಧಿಸುವಂತಿಲ್ಲ, ಕರಪತ್ರ ಹಂಚುವಂತಿಲ್ಲ. ವಿದೇಶಿ ಪೌರತ್ವದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದವರೂ ಮಿಷನರಿ ಕೆಲಸಕ್ಕೆ ವಿಶೇಷ ಅನುಮತಿ ಪಡೆಯಬೇಕು ಎಂದು 2021ರ ಅಧಿಸೂಚನೆ ಹೇಳುತ್ತದೆ. ರಾಜ್ಯದಲ್ಲಿ 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ಕಾನೂನು ಸರಿಯೋ ತಪ್ಪೋ ಎನ್ನುವ ವಾದ ಬೇರೆ. ಬಂದ ತಂಡ ಏನಾದರೂ ಎಡವಟ್ಟು ಮಾಡಿಕೊಂಡರೆ ಅವರನ್ನು ವಿಮಾನ ಹತ್ತಿಸಿ ಕಳಿಸುತ್ತಾರೆ. ಠಾಣೆಗೆ ಅಲೆಯುವುದು, ಅಕ್ಕಪಕ್ಕದವರ ಅನುಮಾನ ಎದುರಿಸುವುದು, ಮುಂದಿನ ಭಾನುವಾರ ಬಾಗಿಲು ತೆರೆಯಬೇಕೋ ಬೇಡವೋ ಎಂದು ಯೋಚಿಸುವುದು ಎಲ್ಲ ಇಲ್ಲಿನ ಸಣ್ಣ ಸಭೆಯ ಪಾಸ್ಟರ್‌ದು. ಹಾಗಾಗಿ ತಂಡದ ಕಾರ್ಯಕ್ರಮ ಪಟ್ಟಿಗೆ ಸಹಿ ಹಾಕುವ ಕೊನೆಯ ಅಧಿಕಾರ ಅವರಿಗೇ ಇರಬೇಕು, ಟಿಕೆಟ್ ಬುಕ್ ಆಗುವ ಮುಂಚೆಯೇ.